ಚಿಕ್ಕಬಳ್ಳಾಪುರದ ಗುಲಾಬಿಗೆ ಸಿಂಗಪುರ ಎಷ್ಟು ದೂರ?

"ಭಾವ, ಪೆಟ್ಟಿಗೆ ಬಂತು. ಆದ್ರೆ ಹೂವು ತಲೆ ಎತ್ತಿಲ್ಲ."

ಹೋದ ನವೆಂಬರಿನ ಒಂದು ಬುಧವಾರ, ಬೆಳಗಿನ ಐದೂವರೆ. ಸಿಂಗಪುರದಲ್ಲಿರುವ ನನ್ನ ಬಾಮೈದ ಫೋನ್ ಮಾಡಿದ್ದ. ಅಲ್ಲಿ ಆಗಲೇ ಎಂಟು ಗಂಟೆ. ಹಿಂದೆಯೇ ಒಂದು ಫೋಟೊ ಬಂತು. ರಟ್ಟಿನ ಪೆಟ್ಟಿಗೆಯ ಮುಚ್ಚಳ ತೆಗೆದು ಮೇಲಿನಿಂದ ತೆಗೆದದ್ದು. ಮೊಗ್ಗುಗಳ ಕತ್ತು ಬಗ್ಗಿ ಒಂದರ ಮೇಲೊಂದು ಒರಗಿದ್ದವು. ಹೊರಗಿನ ಎಸಳಿನ ಅಂಚು ಕಂದಿತ್ತು. ಕೆಲವು ದಾರಿಯಲ್ಲೇ ಅರಳಿಬಿಟ್ಟಿದ್ದವು. ಒಂದೆರಡು ಕಟ್ಟಿನಲ್ಲಿ ಬೂದು ಬಣ್ಣದ ಬೂಜು. ಒಟ್ಟು ಮುನ್ನೂರು ಕಡ್ಡಿ. ಸೋಮವಾರ ಬೆಳಗ್ಗೆ ನಾನೇ ಕೈಯಾರೆ ಎಣಿಸಿ ಜೋಡಿಸಿದ್ದೆ.

ಆ ಫೋಟೊ ಇನ್ನೂ ಫೋನಿನಲ್ಲಿದೆ. ಅಳಿಸಿಲ್ಲ. ನಮ್ಮ ಕಡೆ ಪಾಲಿಹೌಸ್ (ಪ್ಲಾಸ್ಟಿಕ್ ಹಾಳೆ ಹೊದಿಸಿದ ಹಸಿರುಮನೆ) ಹಾಕಿರುವ ಗೆಳೆಯರು "ಹೊರದೇಶಕ್ಕೆ ಕಳಿಸ್ತೀಯಂತೆ, ಅಲ್ಲಿಗೆ ಎಷ್ಟು ದೂರ, ಎಷ್ಟು ಹೊತ್ತು?" ಅಂತ ಕೇಳಿದಾಗ ಮೊದಲು ಅದನ್ನೇ ತೋರಿಸುತ್ತೇನೆ. ಆಮೇಲೆ ಇಲ್ಲಿ ಬರೆಯುತ್ತಿರುವುದನ್ನು ಹೇಳುತ್ತೇನೆ.

ನಮ್ಮದು ಚಿಕ್ಕಬಳ್ಳಾಪುರದ ಹತ್ತಿರ ಒಂದು ಎಕರೆ ಪಾಲಿಹೌಸ್. ಬೆಳೆಯುವುದು ಕೆಂಪು ಗುಲಾಬಿ, ತಾಜ್ ಮಹಲ್ ತಳಿ. ಅಪ್ಪನ ಕಾಲದಲ್ಲಿ ಇದೇ ಜಾಗದಲ್ಲಿ ಸೇವಂತಿ ಇತ್ತು. ಅಪ್ಪ ರಾತ್ರಿ ಎರಡಕ್ಕೆ ಎದ್ದು ಮೂಟೆ ಕಟ್ಟುತ್ತಿದ್ದರು. ಕೈಗೆ ಸಿಕ್ಕ ಲಾರಿಯನ್ನೋ ಬಸ್ಸನ್ನೋ ಹತ್ತಿ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಗೆ ಹೋಗುತ್ತಿದ್ದರು. ಅವರಿಗೆ ದೂರ ಅಂದರೆ ಆ 60 ಕಿಲೋಮೀಟರ್. ಸೂರ್ಯ ಹುಟ್ಟುವ ಮೊದಲು ಮುಟ್ಟಿದರೆ ರೇಟು, ಮೇಲೆ ಬಂದ ಮೇಲೆ ಮುಟ್ಟಿದರೆ ಬಂದಷ್ಟಕ್ಕೆ ಕೊಟ್ಟು ಬರುವುದು.

2007ರಲ್ಲಿ ನಾವು ಕೋಲಾರದಿಂದ ಬೇರೆಯಾಗಿ ಜಿಲ್ಲೆ ಆದೆವು. ಮರುವರ್ಷ, 2008ರ ಮೇ 24ರಂದು, ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು. ಅಲ್ಲಿಂದ ಈಚೆಗೆ ರಾತ್ರಿ ಹೊತ್ತು ತೋಟದಲ್ಲಿ ನಿಂತು ದಕ್ಷಿಣಕ್ಕೆ ನೋಡಿದರೆ ದೀಪಗಳು ಸಾಲಾಗಿ ಇಳಿಯುವುದು ಕಾಣುತ್ತದೆ. ಹದಿನೇಳು ವರ್ಷ ಸುಮ್ನೆ ನೋಡಿದ್ದೇವೆ. ನಮ್ಮ ತೋಟದಿಂದ ಅಲ್ಲಿನ ಕಾರ್ಗೋ ಗೇಟಿಗೆ 31 ಕಿಲೋಮೀಟರ್. ಅಂದರೆ ಅಪ್ಪನ ಮಾರುಕಟ್ಟೆಯ ಅರ್ಧ ದಾರಿ.

ನಾನು ಹೂವನ್ನು ಹೆಬ್ಬಾಳದ ಹೂ ಹರಾಜು ಕೇಂದ್ರಕ್ಕೆ ಕೊಡುತ್ತಿದ್ದೆ. ಬಾಮೈದ ಹಬ್ಬಕ್ಕೆ ಬಂದಾಗ ಪಾಲಿಹೌಸ್ ಸುತ್ತಾಡಿ, "ಭಾವ, ನಮ್ಮ ಮನೆ ಹತ್ರ ಸೆರಂಗೂನ್ ರಸ್ತೇಲಿ ಒಬ್ರು ಹೂವಿನಂಗಡಿ ಇಟ್ಟಿದಾರೆ. ಒಂದು ಪೆಟ್ಟಿಗೆ ನೋಡ್ತೀನಿ ಅಂದ್ರೆ ಕಳಿಸ್ತೀರಾ?" ಅಂದ. ಸೆರಂಗೂನ್ ರಸ್ತೆ ಅಂದರೆ ಅಲ್ಲಿನ ಲಿಟಲ್ ಇಂಡಿಯಾ. ಮಾಲೆ, ಬಿಡಿ ಹೂವು, ಬಾಳೆ ಎಲೆ ಎಲ್ಲ ಸಿಗುವ ಜಾಗ. ನನಗೆ ಆಸೆ ಆಯಿತು.

ಆವತ್ತು ರಾತ್ರಿ ಊಟ ಆದ ಮೇಲೆ ಮಗಳು ತನ್ನ ಓದುವ ಮೇಜಿನ ಮೇಲಿದ್ದ ಭೂಗೋಳದ ಉಂಡೆ ತಂದಿಟ್ಟಳು. ಒಂಬತ್ತನೇ ಕ್ಲಾಸು. ಮೊದಲು ಭೂಮಧ್ಯ ರೇಖೆಯ ಸುತ್ತ ಹೂ ಕಟ್ಟುವ ದಾರ ಸುತ್ತಿದಳು. ಬಿಚ್ಚಿ ಸ್ಕೇಲಿನಲ್ಲಿ ಅಳೆದರೆ 96 ಸೆಂಟಿಮೀಟರ್. "ನಿಜವಾದ ಸುತ್ತಳತೆ 40,075 ಕಿಲೋಮೀಟರ್ ಅಪ್ಪ. ಅಂದ್ರೆ ಒಂದು ಸೆಂಟಿಮೀಟರಿಗೆ 417." ಆಮೇಲೆ ಬೆಂಗಳೂರಿನ ಚುಕ್ಕೆಯಿಂದ ಸಿಂಗಪುರದ ಚುಕ್ಕೆಗೆ ದಾರವನ್ನು ಬಿಗಿಯಾಗಿ ಎಳೆದಳು. 7.6 ಸೆಂಟಿಮೀಟರ್ ಬಂತು. ಗುಣಿಸಿದಾಗ ಸುಮಾರು 3,170 ಕಿಲೋಮೀಟರ್. ಆಮೇಲೆ ಎರಡು ನಿಲ್ದಾಣಗಳ ಅಕ್ಷಾಂಶ ರೇಖಾಂಶ ಹಾಕಿ ಫೋನಿನಲ್ಲಿ ಲೆಕ್ಕ ಮಾಡಿದರೆ 3,180 ಅಂತ ತೋರಿಸಿತು. ಹೂ ಕಟ್ಟುವ ದಾರಕ್ಕೂ ಅದಕ್ಕೂ ಹತ್ತೇ ಕಿಲೋಮೀಟರ್ ವ್ಯತ್ಯಾಸ. ನನಗೆ ತುಂಬಾ ಖುಷಿ ಆಯಿತು.

ದಾರವನ್ನು ಬಿಗಿಯಾಗಿ ಎಳೆಯುವುದು ಯಾಕೆ ಅಂದರೆ, ಉಂಡೆಯ ಮೇಲೆ ಎರಡು ಊರಿನ ನಡುವೆ ಎಲ್ಲಕ್ಕಿಂತ ಹತ್ತಿರದ ದಾರಿ ಹಾಗೆಯೇ ಸಿಗುವುದು. ಚಪ್ಪಟೆ ನಕ್ಷೆಯ ಮೇಲೆ ಗೆರೆ ಎಳೆದರೆ ಅದೇ ದಾರಿ ಸಿಗುವುದಿಲ್ಲ. ಯೂರೋಪು, ಅಮೆರಿಕದ ದಾರಿಯಲ್ಲಿ ಈ ವ್ಯತ್ಯಾಸ ದೊಡ್ಡದು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ದಾರ ಎಳೆದರೆ ಅದು ಉತ್ತರ ಧ್ರುವದ ಕಡೆಗೇ ಹೋಗುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಹೆಣ್ಣುಮಕ್ಕಳ ತಂಡವೇ ಅಲ್ಲಿಂದ ಧ್ರುವದ ದಾರಿಯಲ್ಲಿ ವಿಮಾನ ಹಾರಿಸಿಕೊಂಡು ಬೆಂಗಳೂರಿಗೆ ಬಂದಿದ್ದರಲ್ಲ, ಅದೇ ದಾರಿ. ನಮ್ಮ ಸಿಂಗಪುರದ ದಾರಿ ಭೂಮಧ್ಯ ರೇಖೆಗೆ ಹತ್ತಿರ ಇರುವುದರಿಂದ ಹೆಚ್ಚು ಕಮ್ಮಿ ನೇರವೇ. ಪುದುಚೇರಿಯ ಹತ್ತಿರ ಸಮುದ್ರಕ್ಕೆ ಇಳಿದು, ಬಂಗಾಳ ಕೊಲ್ಲಿ ದಾಟಿ, ಗ್ರೇಟ್ ನಿಕೋಬಾರಿನ ದಕ್ಷಿಣಕ್ಕೆ ಹಾದು, ಸುಮಾತ್ರದ ಉತ್ತರದ ತುದಿಯನ್ನು ಸವರಿ ಹೋಗುತ್ತದೆ. ದಿಲ್ಲಿ ನಮಗೆ ವಿಮಾನದ ದಾರಿಯಲ್ಲಿ ಸುಮಾರು 1,700 ಕಿಲೋಮೀಟರ್. ಸಿಂಗಪುರ ಅದರ ಎರಡರಷ್ಟಕ್ಕೆ ಸ್ವಲ್ಪ ಕಮ್ಮಿ.

ಇನ್ನು ಸಮಯ. ದೊಡ್ಡ ವಿಮಾನ ಮೇಲೆ ಹೋದ ಮೇಲೆ ಗಂಟೆಗೆ 850ರಿಂದ 900 ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ. ಆ ಲೆಕ್ಕಕ್ಕೆ ನಾಲ್ಕು ಗಂಟೆಯೂ ಆಗಬಾರದು. ಆದರೆ ನೆಲದ ಮೇಲೆ ಉರುಳುವುದು, ಏರುವುದು, ಇಳಿಯುವುದು, ಗೇಟಿಗೆ ಬಂದು ನಿಲ್ಲುವುದು ಎಲ್ಲ ಸೇರಿ ನಾಲ್ಕೂವರೆ ಗಂಟೆ. ಟಿಕೆಟ್ಟಿನಲ್ಲಿ ಮಾತ್ರ ರಾತ್ರಿ ಹನ್ನೊಂದಕ್ಕೆ ಹೊರಟು ಬೆಳಗ್ಗೆ ಆರಕ್ಕೆ ಇಳಿಯುವುದು ಅಂತ ಇರುತ್ತದೆ.

ಅಪ್ಪ ಕನ್ನಡಕ ಏರಿಸಿ ಕೇಳಿದರು. "ಹೋಗೋಕೆ ಏಳು ಗಂಟೆ. ಬರೋಕೆ ಎರಡೇ ಗಂಟೆ ತೋರಿಸ್ತೈತಲ್ಲೋ ಮಗ. ಬರೋವಾಗ ಇಳಿಜಾರಾ?"

ಅಪ್ಪ ಕೇಳಿದ್ದು ಸರಿಯಾದ ಪ್ರಶ್ನೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಹೋಗುವಾಗ ಆ ಎರಡೂವರೆ ಸೇರಿಕೊಳ್ಳುತ್ತದೆ, ಬರುವಾಗ ಕಳೆಯುತ್ತದೆ. ಮಗಳು ಇನ್ನೊಂದು ವಿಷಯ ಹೇಳಿದಳು. ನಮ್ಮ ಗಡಿಯಾರ ಇರುವುದು 82.5 ಡಿಗ್ರಿ ರೇಖಾಂಶದ ಲೆಕ್ಕಕ್ಕೆ. 15 ಡಿಗ್ರಿಗೆ ಒಂದು ಗಂಟೆ. ಸಿಂಗಪುರ ಇರುವುದು 104 ಡಿಗ್ರಿಯ ಹತ್ತಿರ. ಸೂರ್ಯನ ಲೆಕ್ಕದಲ್ಲಿ ಒಂದೂವರೆ ಗಂಟೆ ಮುಂದೆ ಇದ್ದರೆ ಸಾಕಿತ್ತು. 1982ರ ಜನವರಿ 1ರಿಂದ ಮಲೇಷ್ಯಾದ ಜೊತೆ ಹೊಂದಿಸಿಕೊಂಡು ಗಡಿಯಾರ ಮುಂದಕ್ಕೆ ತಳ್ಳಿದರು. ಅದಕ್ಕೇ ಅಲ್ಲಿ ಬೆಳಕು ಹರಿಯುವಾಗ ಏಳು ಗಂಟೆ ಆಗಿರುತ್ತದೆ. ಹೂವಿನವನಿಗೆ ಇದು ಬೇಕಾದ ವಿಷಯ. ಬೆಳಗ್ಗೆ ಆರಕ್ಕೆ ಪೆಟ್ಟಿಗೆ ಇಳಿದರೆ ಅಲ್ಲಿ ಇನ್ನೂ ಕತ್ತಲೆ, ತಂಪು ಹೊತ್ತು.

ಕಾಗದ ಪತ್ರದ ಕೆಲಸ ನಾನು ಅಂದುಕೊಂಡಷ್ಟು ಕಷ್ಟ ಇರಲಿಲ್ಲ. ರಫ್ತು ಮಾಡಲು ಐಇಸಿ ಸಂಖ್ಯೆ ಬೇಕು, ಅಂದರೆ ಆಮದು ರಫ್ತು ಮಾಡುವವರಿಗೆ ಸರ್ಕಾರ ಕೊಡುವ ಗುರುತಿನ ಸಂಖ್ಯೆ. ಈಗ ಅದು ಪ್ಯಾನ್ ಸಂಖ್ಯೆಯೇ. ಕೃಷಿ ಉತ್ಪನ್ನಗಳ ರಫ್ತು ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಅಪೇಡಾದಲ್ಲಿ ನೋಂದಣಿ, ಬ್ಯಾಂಕಿನಿಂದ ಒಂದು ಕೋಡು, ಕಸ್ಟಮ್ಸಿಗೆ ಶಿಪ್ಪಿಂಗ್ ಬಿಲ್, ಅಂದರೆ ಏನು ಕಳಿಸುತ್ತಿದ್ದೇವೆ ಅಂತ ತಿಳಿಸುವ ಕಾಗದ. ಕೊಳ್ಳುವವರು ಕೇಳಿದ್ದರಿಂದ ಹೂವಿಗೆ ರೋಗ ಹುಳ ಇಲ್ಲ ಅನ್ನುವ ಸಸ್ಯ ಆರೋಗ್ಯ ಪ್ರಮಾಣಪತ್ರವನ್ನೂ ಮಾಡಿಸಿದೆವು. ಬಹಳಷ್ಟನ್ನು ಕಸ್ಟಮ್ಸ್ ಕೆಲಸ ಮಾಡಿಕೊಡುವ ಕ್ಲಿಯರಿಂಗ್ ಏಜೆಂಟ್ ನೋಡಿಕೊಂಡರು.

ನಾನು ಎಡವಿದ್ದು ರೇಟಿನ ಹತ್ತಿರ.

ವಿಮಾನದವರು ತೂಕಕ್ಕೆ ಮಾತ್ರ ದುಡ್ಡು ತಗೊಳ್ಳುವುದಿಲ್ಲ. ಜಾಗಕ್ಕೂ ತಗೊಳ್ಳುತ್ತಾರೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 6,000ದಿಂದ ಭಾಗಿಸಬೇಕು. ಬಂದದ್ದು ಅಳತೆಯ ತೂಕ. ನಿಜ ತೂಕ, ಅಳತೆಯ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಾಡಿಗೆ. ನನ್ನ ಪೆಟ್ಟಿಗೆ 100, 40, 25. ತಕ್ಕಡಿಯಲ್ಲಿ 11 ಕಿಲೋ ತೂಗಿತು. ಲೆಕ್ಕದಲ್ಲಿ 17 ಕಿಲೋ ಆಯಿತು. ಆರು ಕಿಲೋ ಬರೀ ಗಾಳಿಗೆ ದುಡ್ಡು ಕೊಡಬೇಕಲ್ಲ ಅಂತ ಹೊಟ್ಟೆ ಉರಿಯಿತು. ಆಗ ಏಜೆಂಟ್, "ನೇರ ವಿಮಾನ ಬೇಡ ಅಂದ್ರೆ ಕೊಲಂಬೋ ಮೇಲೆ ಹೋಗುತ್ತೆ ಸಾರ್, ಕಿಲೋಗೆ ಕಮ್ಮಿ ಬೀಳುತ್ತೆ" ಅಂದರು.

ನಾನು ಮನೆಗೆ ಬಂದು ಮತ್ತೆ ದಾರ ಹಿಡಿದೆ. ಬೆಂಗಳೂರಿನಿಂದ ಕೊಲಂಬೋ 710 ಕಿಲೋಮೀಟರ್. ಅಲ್ಲಿಂದ ಸಿಂಗಪುರ 2,750. ಒಟ್ಟು 3,460. ನೇರ ದಾರಿಗಿಂತ ಬರೀ 280 ಕಿಲೋಮೀಟರ್ ಜಾಸ್ತಿ. ಬೆಂಗಳೂರಿನಿಂದ ದಾವಣಗೆರೆಗೆ ಹೋದಷ್ಟು. ವಿಮಾನಕ್ಕೆ ಅದು ಇಪ್ಪತ್ತು ನಿಮಿಷ. ಎರಡು ಸಲ ಏರಿ ಇಳಿಯುವುದು ಸೇರಿಸಿದರೂ ಒಂದು ಗಂಟೆ. "ಒಂದು ಗಂಟೆಗೆ ಅಷ್ಟು ದುಡ್ಡು ಉಳಿಯುತ್ತೆ ಅಂದ್ರೆ ಯಾಕೆ ಬಿಡಬೇಕು?" ಅಂತ ಹೆಂಡತಿಗೆ ಹೇಳಿದೆ. ಅವಳು, "ಮಧ್ಯದಲ್ಲಿ ಎಷ್ಟು ಹೊತ್ತು ಇಡ್ತಾರೆ ಕೇಳಿದ್ರಾ?" ಅಂದಳು. ಕೇಳಿರಲಿಲ್ಲ. ಏಜೆಂಟ್ ಕಳಿಸಿದ ಕಾಗದದಲ್ಲಿ ಅದು ಬರೆದೇ ಇತ್ತು. ನಾನು ಓದಿದ್ದು ರೇಟು ಮತ್ತು ಕಿಲೋಮೀಟರ್ ಮಾತ್ರ. ಇದರಲ್ಲಿ ಬೇರೆ ಯಾರ ತಪ್ಪೂ ಇಲ್ಲ.

ಸೋಮವಾರ ಬೆಳಗ್ಗೆ ಆರೂವರೆಗೆ ಹೂವು ಕೊಯ್ದೆವು. ಮೊಗ್ಗಿನ ಮೇಲೆ ಹಾಕಿದ್ದ ಬಲೆಯ ಟೋಪಿ ತೆಗೆಯದೆ, ಎರಡು ಎಸಳು ಬಿಡಿಸಿಕೊಳ್ಳುವ ಹಂತದಲ್ಲಿ ಕತ್ತರಿಸಿ, ಕೂಡಲೇ ನೀರಿನ ಬಕೆಟ್ಟಿಗೆ. ಹನ್ನೊಂದರವರೆಗೆ ಕೋಲ್ಡ್ ರೂಮಿನಲ್ಲಿ ಇಟ್ಟೆವು. ಆಮೇಲೆ ಉದ್ದ ನೋಡಿ ಗ್ರೇಡಿಂಗ್, ಇಪ್ಪತ್ತು ಕಡ್ಡಿಗೆ ಒಂದು ಕಟ್ಟು, ತಲೆಗೆ ರಟ್ಟಿನ ಸುತ್ತು. ಪ್ಯಾಕಿಂಗ್ ಮುಗಿದಾಗ ಒಂದು ಗಂಟೆ. ಪೆಟ್ಟಿಗೆಯ ಎರಡೂ ತುದಿಯಲ್ಲಿ ಗಾಳಿಗೆ ಅಂತ ತೂತು ಇರುತ್ತವೆ. ಧೂಳು ಹೋಗದಿರಲಿ ಅಂತ ನಾನು ಅದಕ್ಕೂ ಟೇಪು ಅಂಟಿಸಿದೆ. ತುಂಬಾ ವರ್ಷದಿಂದ ಹೂವು ಕಳಿಸುತ್ತಿರುವ ಹಿರಿಯರೊಬ್ಬರು ಬೆರಳುದ್ದದ ಒಂದು ಸಾಧನ ಕೊಟ್ಟಿದ್ದರು. ಅದಕ್ಕೆ ಲಾಗರ್ ಅನ್ನುತ್ತಾರೆ. ದಾರಿಯುದ್ದಕ್ಕೂ ಒಳಗಿನ ಬಿಸಿ ಎಷ್ಟಿತ್ತು ಅಂತ ಬರೆದುಕೊಳ್ಳುತ್ತದೆ. ಅದನ್ನೂ ಒಳಗಿಟ್ಟೆ.

ಎರಡು ಗಂಟೆಗೆ ಟಾಟಾ ಏಸ್ ಹೊರಟಿತು. ಮೇಲೆ ಟಾರ್ಪಾಲು. 44ನೇ ಹೆದ್ದಾರಿಯಲ್ಲಿ 31 ಕಿಲೋಮೀಟರಿಗೆ ಒಂದು ಗಂಟೆ ಹತ್ತು ನಿಮಿಷ ಆಯಿತು. ದೇವನಹಳ್ಳಿ ಹತ್ತಿರ ಗಾಡಿಗಳು ಜಾಸ್ತಿ. ಕಾರ್ಗೋದಲ್ಲಿ ಕಾಗದ ನೋಡುವುದು, ಎಕ್ಸ್‌ರೇ, ತೂಕ, ಲೇಬಲ್. ಪೆಟ್ಟಿಗೆಗೆ ಹನ್ನೊಂದು ಅಂಕಿಯ ಏರ್‌ವೇ ಬಿಲ್ ಸಂಖ್ಯೆ ಬಂತು. ಮೊದಲ ಮೂರು ಅಂಕಿ ವಿಮಾನ ಕಂಪನಿಯದು. ಉಳಿದ ಎಂಟು ನಮ್ಮ ಪೆಟ್ಟಿಗೆಯದು. ಆ ಸಂಖ್ಯೆ ಇದ್ದರೆ ಪೆಟ್ಟಿಗೆ ಎಲ್ಲಿದೆ ಅಂತ ಮನೆಯಲ್ಲೇ ಕೂತು ನೋಡಬಹುದು. ಆವತ್ತು ರಾತ್ರಿ ನಾನು ಮಲಗಲಿಲ್ಲ. ಒಂದೂವರೆಗೆ ವಿಮಾನ ಹೊರಟಿತು. ಮೂರಕ್ಕೆ ಕೊಲಂಬೋ ಮುಟ್ಟಿತು. ಆಮೇಲೆ ಫೋನಿನಲ್ಲಿ ಬರೆದದ್ದು ಬದಲಾಗಲೇ ಇಲ್ಲ. ಬೆಳಗಾಯಿತು, ಹೊಸ ಕೊಯ್ಲು ಮುಗಿಯಿತು, ಮಧ್ಯಾಹ್ನದ ಊಟ ಆಯಿತು. ಅದು ಕೊಲಂಬೋದಲ್ಲೇ. ಸಾಯಂಕಾಲ ನಾಲ್ಕಕ್ಕೆ ಹೊರಟಿತು. ಹದಿಮೂರು ಗಂಟೆ ನಿಂತಿತ್ತು.

ಲಾಗರಿನ ಲೆಕ್ಕವನ್ನು ಬಾಮೈದ ಕಂಪ್ಯೂಟರಿಗೆ ಹಾಕಿ ಕಳಿಸಿದ. ಒಂದು ಗೆರೆ. ಪೆಟ್ಟಿಗೆ ಮುಚ್ಚಿದಾಗ 8 ಡಿಗ್ರಿ. ಕಾರ್ಗೋ ಗೇಟಿನಲ್ಲಿ 19. ಅಂದರೆ ಮೊದಲ 31 ಕಿಲೋಮೀಟರಿನಲ್ಲೇ 11 ಡಿಗ್ರಿ ಏರಿತ್ತು. ಆ ಗೆರೆ ಆಮೇಲೆ ಇಳಿಯಲೇ ಇಲ್ಲ. ಎಲ್ಲಕ್ಕಿಂತ ಮೇಲೆ ಹೋದದ್ದು 27.

ನಾನು ಕೂತು ಗಂಟೆ ಎಣಿಸಿದೆ. ಕೊಯ್ದ ಹೊತ್ತಿನಿಂದ ಅಂಗಡಿಯಲ್ಲಿ ಮುಚ್ಚಳ ತೆಗೆಯುವವರೆಗೆ 47 ಗಂಟೆ. ಅದರಲ್ಲಿ ವಿಮಾನದಲ್ಲಿ ಇದ್ದದ್ದು ಐದೂವರೆ ಗಂಟೆ. ಉಳಿದ ನಲವತ್ತೊಂದೂವರೆ ಗಂಟೆ ನೆಲದ ಮೇಲೆ. 3,460 ಕಿಲೋಮೀಟರ್ ದಾಟಿದ್ದು ಐದೂವರೆ ಗಂಟೆಯಲ್ಲಿ. ನಾನು ದಾರ ಹಿಡಿದು ಅಳೆದದ್ದೆಲ್ಲ ಆ ಐದೂವರೆ ಗಂಟೆಯನ್ನು ಮಾತ್ರ.

ಲಾಗರ್ ಕೊಟ್ಟ ಹಿರಿಯರ ಹತ್ತಿರ ಹೋದೆ. ಅವರು ಗೆರೆ ನೋಡಿದರು. ಬೈಯಲಿಲ್ಲ. "ಹೂವು ಕೊಯ್ದ ಮೇಲೂ ಉಸಿರಾಡುತ್ತಪ್ಪ" ಅಂದರು. "ಉಸಿರಾಡಿದ್ರೆ ಬಿಸಿ ಬಿಡುತ್ತೆ. ಬಿಸಿ ಆದ್ರೆ ಇನ್ನೂ ಜೋರಾಗಿ ಉಸಿರಾಡುತ್ತೆ. ನೀನು ತೂತು ಬೇರೆ ಮುಚ್ಚಿದೀಯ."

ಆ ಮಾತನ್ನು ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಹತ್ತು ಡಿಗ್ರಿ ಏರಿದರೆ ಹೂವಿನ ಉಸಿರಾಟ ಎರಡು ಮೂರು ಪಟ್ಟು ಆಗುತ್ತದೆ. ಅದು ಬಳಸುವುದು ತನ್ನೊಳಗೆ ಕೂಡಿಟ್ಟ ಸಕ್ಕರೆಯನ್ನೇ. ಗಿಡದಿಂದ ಬೇರೆಯಾದ ಮೇಲೆ ಹೊಸದು ಬರುವುದಿಲ್ಲ. ನಾಲ್ಕು ಡಿಗ್ರಿಯಲ್ಲಿ ಇಟ್ಟರೆ ನಿಧಾನವಾಗಿ ಖರ್ಚು ಮಾಡಿಕೊಂಡು ದಿನಗಟ್ಟಲೆ ಇರುತ್ತದೆ. ಇಪ್ಪತ್ತೈದಕ್ಕೆ ಹೋದರೆ ಎಲ್ಲ ಒಂದೇ ಸಲ ಕರಗುತ್ತದೆ. ಕಡ್ಡಿಯ ಒಳಗೆ ಗಾಳಿ ಸೇರಿ ನೀರು ಮೇಲೆ ಏರದಿದ್ದರೆ ಕತ್ತು ಬಗ್ಗುತ್ತದೆ. ಒಂದು ಸಲ ತಂಪು, ಒಂದು ಸಲ ಬಿಸಿ ಆದರೆ ಎಸಳಿನ ಮೇಲೆ ನೀರು ಕೂತು ಬೂಜು ಹಿಡಿಯುತ್ತದೆ. ಫೋಟೊದಲ್ಲಿ ಈ ಮೂರೂ ಇದ್ದವು.

ಎರಡನೇ ಪೆಟ್ಟಿಗೆ ಡಿಸೆಂಬರಿನಲ್ಲಿ. ಆ ಅಂಗಡಿಯವರು ಒಳ್ಳೆಯವರು, ಇನ್ನೊಂದು ಸಲ ನೋಡೋಣ ಅಂದರು. ಈ ಸಲ ದಾರ ಮುಟ್ಟಲಿಲ್ಲ. ಮಗಳ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಕೊನೆಯಿಂದ ಹಿಂದಕ್ಕೆ ಬರೆದೆ. ಅಂಗಡಿ ಮುಟ್ಟಬೇಕಾದ್ದು ಅಲ್ಲಿನ ಹತ್ತೂವರೆಗೆ, ಅಂದರೆ ನಮ್ಮ ಎಂಟು ಗಂಟೆಗೆ. ವಿಮಾನ ಇಳಿಯುವುದು ಅಲ್ಲಿನ ಆರಕ್ಕೆ, ನಮ್ಮ ಮೂರೂವರೆಗೆ. ಹೊರಡುವುದು ರಾತ್ರಿ ಹನ್ನೊಂದಕ್ಕೆ. ಕಾರ್ಗೋದವರು ಪೆಟ್ಟಿಗೆ ತಗೊಳ್ಳುವುದು ಏಳರ ಒಳಗೆ. ಗೇಟಿನಲ್ಲಿ ನಾವು ಇರಬೇಕಾದ್ದು ಐದಕ್ಕೆ. ತೋಟ ಬಿಡುವುದು ನಾಲ್ಕಕ್ಕೆ. ಹಾಗಾದರೆ ಕೊಯ್ಲು ಆರಕ್ಕೆ ಮುಗಿಯಬೇಕು. ಆಗ ತಂಪು ಮಾಡಲು ಪೂರ್ತಿ ಹೊತ್ತು ಸಿಗುತ್ತದೆ. ಪ್ರತಿ ಸಾಲಿನ ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿದೆ. ಅದರಲ್ಲಿ ಬರೆದದ್ದು ಬಿಸಿ ಎಷ್ಟಿರಬೇಕು ಅಂತ.

ಕೋಲ್ಡ್ ರೂಮಿನಲ್ಲೇ ನಿಂತು ಪ್ಯಾಕಿಂಗ್ ಮಾಡಿದೆವು. ಹೆಣ್ಣುಮಕ್ಕಳು ಸ್ವೆಟರ್ ಹಾಕಿಕೊಂಡು ಬಂದರು. ಪೆಟ್ಟಿಗೆಯ ತೂತು ತೆರೆದಿಟ್ಟು, ಅದರ ಮೂಲಕ ತಂಪು ಗಾಳಿ ಎಳೆಯುವ ಹಾಗೆ ಫ್ಯಾನ್ ಇಟ್ಟು, ಒಳಗಿನ ಹೂವು 4 ಡಿಗ್ರಿಗೆ ಬಂದ ಮೇಲೆ ಮುಚ್ಚಳ ಬಿಗಿದೆವು. ಟಾಟಾ ಏಸ್ ಬದಲು ಹಾಲಿನವರು ಬಳಸುವಂಥ ತಂಪು ಗಾಡಿ. ಬಾಡಿಗೆ ಜಾಸ್ತಿ ಆಯಿತು. ನೇರ ವಿಮಾನ. ಅದಕ್ಕೂ ಜಾಸ್ತಿ ಆಯಿತು.

ಮರುದಿನ ಬೆಳಗ್ಗೆ ಎಂಟಕ್ಕೆ ವಿಡಿಯೊ ಬಂತು. ಅಂಗಡಿಯವರ ಕೈ ಮಾತ್ರ ಕಾಣುತ್ತಿತ್ತು. ಒಂದು ಕಟ್ಟು ಎತ್ತಿ, ತಲೆಕೆಳಗಾಗಿ ಹಿಡಿದು, ಮೆಲ್ಲಗೆ ಅಲ್ಲಾಡಿಸಿದರು. ಒಂದು ಎಸಳೂ ಉದುರಲಿಲ್ಲ. ಮೊಗ್ಗು ನಾನು ಇಟ್ಟ ಹಾಗೇ ಬಿಗಿಯಾಗಿತ್ತು. 26 ಗಂಟೆ. ಅಪ್ಪ ಆ ವಿಡಿಯೊವನ್ನು ಮೂರು ಸಲ ಹಾಕಿಸಿ ನೋಡಿದರು.

ಇಲ್ಲಿಗೆ ನಿಂತಿದ್ದರೆ, ನೇರ ವಿಮಾನ ಹಿಡಿಯಿರಿ, ಬೇಗ ಮುಟ್ಟಿಸಿ ಅಂತ ಎಲ್ಲರಿಗೂ ಹೇಳುತ್ತಿದ್ದೆ. ಮೂರನೇ ಪೆಟ್ಟಿಗೆ ಆ ಮಾತನ್ನೂ ಬದಲಾಯಿಸಿತು.

ಹೂವು ಹೋಗುವುದು ಹೆಚ್ಚಾಗಿ ಪ್ರಯಾಣಿಕರ ವಿಮಾನದ ಹೊಟ್ಟೆಯಲ್ಲಿ. ಅಲ್ಲಿ ಪ್ರಯಾಣಿಕರ ಲಗೇಜಿಗೆ ಮೊದಲ ಜಾಗ. ಉಳಿದದ್ದು ಸರಕಿಗೆ. ಈ ಜನವರಿ ಮೊದಲ ವಾರ, ರಜೆ ಮುಗಿಸಿ ವಾಪಸ್ ಹೋಗುವವರ ಲಗೇಜು ಜಾಸ್ತಿ ಆಗಿ ನಮ್ಮ ಪೆಟ್ಟಿಗೆಗೆ ಜಾಗ ಸಿಗಲಿಲ್ಲ. ರಾತ್ರಿ ಹತ್ತೂವರೆಗೆ ಏಜೆಂಟ್ ಫೋನ್ ಮಾಡಿದರು. "ಸಾರ್, ಇವತ್ತು ಹತ್ತಲಿಲ್ಲ. ನಾಳೆ ಇದೇ ವಿಮಾನ." ನನಗೆ ಕೈಕಾಲು ಆಡಲಿಲ್ಲ. ಇನ್ನೊಂದು 24 ಗಂಟೆ. ಮೊದಲ ಪೆಟ್ಟಿಗೆಯ ಫೋಟೊ ಕಣ್ಣ ಮುಂದೆ ಬಂತು. "ಎಲ್ಲಿಟ್ಟಿದಾರೆ?" ಅಂತ ಕೇಳಿದೆ. "ನಿಲ್ದಾಣದ ಕೋಲ್ಡ್ ರೂಮಲ್ಲೇ ಇದೆ ಸಾರ್. ಹೊರಗೆ ತೆಗೆದಿಲ್ಲ."

ಪೆಟ್ಟಿಗೆ ಒಂದು ದಿನ ತಡವಾಗಿ ಮುಟ್ಟಿತು. ಕೊಯ್ದ ಹೊತ್ತಿನಿಂದ 50 ಗಂಟೆ. ಹಾಳಾದ ಮೊದಲ ಪೆಟ್ಟಿಗೆಗಿಂತ ಮೂರು ಗಂಟೆ ಜಾಸ್ತಿ. ಬಾಮೈದ ವಿಡಿಯೊ ಕಾಲ್ ಮಾಡಿದ. ನಾನು ನೋಡುವ ಧೈರ್ಯ ಮಾಡಲಿಲ್ಲ, ಹೆಂಡತಿ ನೋಡಿದಳು. "ಚೆನ್ನಾಗಿದಾವೆ ರೀ" ಅಂದಳು. ನಿಜವಾಗಿ ಚೆನ್ನಾಗಿದ್ದವು. ಒಂದೆರಡು ಕಡ್ಡಿಯ ಹೊರ ಎಸಳು ಸ್ವಲ್ಪ ಮಾಸಿತ್ತು, ಅಷ್ಟೇ. ಅಂಗಡಿಯವರು ಒಂದು ಕಟ್ಟನ್ನು ನೋಡೋಣ ಅಂತ ನೀರಿನಲ್ಲಿ ಇಟ್ಟಿದ್ದರು. ಏಳು ದಿನ ಇತ್ತು.

ಲಾಗರಿನ ಮೂರು ಗೆರೆಗಳನ್ನು ಮಗಳು ಒಂದೇ ಹಾಳೆಯ ಮೇಲೆ ಮೂರು ಬಣ್ಣದಲ್ಲಿ ಬರೆದು ಪ್ಯಾಕಿಂಗ್ ಶೆಡ್ಡಿನ ಗೋಡೆಗೆ ಅಂಟಿಸಿದ್ದಾಳೆ. ಕೆಂಪು ಗೆರೆ ಮೊದಲ ಪೆಟ್ಟಿಗೆ, ಬೆಟ್ಟದ ಹಾಗೆ ಏರಿದೆ. ಹಸಿರು ಎರಡನೆಯದು, ಚಿಕ್ಕದು, ನೆಲ ಹಿಡಿದು ಹೋಗಿದೆ. ನೀಲಿ ಮೂರನೆಯದು, ಎಲ್ಲಕ್ಕಿಂತ ಉದ್ದ. ಆದರೆ ಎಲ್ಲೂ 7 ಡಿಗ್ರಿ ದಾಟಿಲ್ಲ. ಅಪ್ಪ ಅದರ ಮುಂದೆ ತುಂಬಾ ಹೊತ್ತು ನಿಂತು, "ನಾವು ಸೇವಂತಿ ಮೂಟೆ ಮೇಲೆ ಒದ್ದೆ ಗೋಣಿ ಹೊದಿಸ್ತಿದ್ವಿ, ಇದಕ್ಕೇನೇ" ಅಂದರು. ನಾನು ಚಿಕ್ಕವನಿದ್ದಾಗ ಆ ಗೋಣಿಗೆ ನೀರು ಚಿಮುಕಿಸುವ ಕೆಲಸ ನನ್ನದೇ ಇತ್ತು. ಯಾಕೆ ಅಂತ ಆಗ ಕೇಳಿರಲಿಲ್ಲ.

ಈಗ ಗೆಳೆಯರು ದೂರ ಕೇಳಿದರೆ ಹೇಳುತ್ತೇನೆ. ಸಿಂಗಪುರ 3,180 ಕಿಲೋಮೀಟರ್. ಕೌಲಾಲಂಪುರ ಸುಮಾರು 2,880. ದುಬೈ 2,700ಕ್ಕೆ ಸ್ವಲ್ಪ ಕಮ್ಮಿ. ಮೂರೂ ನಾಲ್ಕು, ನಾಲ್ಕೂವರೆ ಗಂಟೆಯ ದಾರಿ. ಅಷ್ಟು ಹೇಳಿ ಅವರ ತೋಟದಿಂದ ದೇವನಹಳ್ಳಿಗೆ ಯಾವ ಗಾಡಿಯಲ್ಲಿ ತರುತ್ತಾರೆ ಅಂತ ಕೇಳುತ್ತೇನೆ. ಶಿಡ್ಲಘಟ್ಟದ ಕಡೆಯ ಒಬ್ಬ ಹುಡುಗ ಟಾರ್ಪಾಲು ಹಾಕಿದ ಗಾಡಿ ಅಂದ. ಅವನನ್ನು ಕರೆದುಕೊಂಡು ಬಂದು ಕೆಂಪು ಗೆರೆ ತೋರಿಸಿದೆ. ಇನ್ನು ಮೇಲೆ ಇಬ್ಬರೂ ಸೇರಿ ಒಂದೇ ತಂಪು ಗಾಡಿ ಮಾಡಿಕೊಳ್ಳೋಣ ಅಂತ ಮಾತಾಗಿದೆ. ಬಾಡಿಗೆ ಅರ್ಧ ಅರ್ಧ.

ಫೆಬ್ರುವರಿ 14ಕ್ಕೆ ನಾಲ್ಕು ಪೆಟ್ಟಿಗೆ ಕೇಳಿದ್ದಾರೆ. ಪ್ರೇಮಿಗಳ ದಿನದ ವಾರ ಎಲ್ಲರ ಗುಲಾಬಿಯೂ ಒಟ್ಟಿಗೆ ಹೊರಡುತ್ತದೆ, ವಿಮಾನದಲ್ಲಿ ಜಾಗ ಸಿಗುವುದು ಕಷ್ಟ. ಅದಕ್ಕೇ 9ನೇ ತಾರೀಖಿನ ರಾತ್ರಿಗೆ ಈಗಲೇ ಹೇಳಿಟ್ಟಿದ್ದೇನೆ. ಅಂದು ಹತ್ತದಿದ್ದರೂ ಎರಡು ರಾತ್ರಿ ಕೈಯಲ್ಲಿರುತ್ತವೆ. ಡಿಸೆಂಬರ್ 20ರ ಹೊತ್ತಿಗೆ ಚಿವುಟಿದ ಸಾಲುಗಳಲ್ಲಿ ಮೊಗ್ಗು ಬಟಾಣಿ ಗಾತ್ರಕ್ಕೆ ಬಂದಿದೆ. ನಾಳೆಯಿಂದ ಟೋಪಿ ಹಾಕಲು ಶುರು ಮಾಡಬೇಕು.